ಹಳೆಯ ಕಾರಿನ ಬಾಲ್ ಜಾಯಿಂಟ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರು ಇಟ್ಟುಕೊಂಡವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಬಣ್ಣದ ವಿಷಯಕ್ಕೆ ಜಗಳವನ್ನೇ ಆಡುತ್ತಾರೆ. ಮುಂದಿನ ಚಕ್ರ ಯಾವುದರ ಆಧಾರದ ಮೇಲೆ ನಿಂತಿದೆ ಎಂದು ಕೇಳಿದರೆ ಮಾತ್ರ ಸುಮ್ಮನಾಗಿಬಿಡುತ್ತಾರೆ. ಈ ಕೆಲಸಕ್ಕೆ ಮೊದಲ ಸಲ ಕೈಹಾಕುವವರು ನನ್ನನ್ನು ಕೇಳಿದ ಪ್ರಶ್ನೆಗಳು ಮತ್ತು ನಾನೇ ಹಿಂದೆ ಬೇರೆಯವರನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಬಾಲ್ ಜಾಯಿಂಟ್ ಎಂದರೆ ಏನು? ಎಲ್ಲಿರುತ್ತದೆ?

ನಮ್ಮ ತೋಳು ಭುಜದಲ್ಲಿ ಕೂತ ಹಾಗೆ, ಉಕ್ಕಿನ ಗುಂಡೊಂದು ಬಟ್ಟಲಿನಲ್ಲಿ ಕೂತಿರುತ್ತದೆ. ಗುಂಡಿನಿಂದ ಹೊರಟ ಪಿನ್ ನಕಲ್‌ಗೆ, ಅಂದರೆ ಚಕ್ರವನ್ನು ಹೊತ್ತ ಲೋಹದ ತುಂಡಿಗೆ ಸೇರುತ್ತದೆ, ಬಟ್ಟಲು ಚಕ್ರವನ್ನು ಚಾಸಿಗೆ ಜೋಡಿಸುವ ಸಸ್ಪೆನ್ಷನ್ ಆರ್ಮ್‌ಗೆ. ಚಕ್ರ ಮೇಲೆ ಕೆಳಗೆ ಆಡಬೇಕು, ಅದೇ ಹೊತ್ತಿಗೆ ಎಡಕ್ಕೆ ಬಲಕ್ಕೆ ತಿರುಗಲೂಬೇಕು. ಎರಡಕ್ಕೂ ಇದೊಂದೇ ಕೀಲು. ಮೇಲೊಂದು ಕೆಳಗೊಂದು ಆರ್ಮ್ ಇರುವ ಕಾರಿನಲ್ಲಿ ಒಂದೊಂದು ಪಕ್ಕಕ್ಕೆ ಎರಡು ಇರುತ್ತವೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲಿನ ಆರ್ಮಿನ ಬದಲು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಇದ್ದರೆ ಕೆಳಗಿನದು ಮಾತ್ರ.

ನನ್ನ ಕಾರಿನಲ್ಲಿ ಇರುವುದು ಬಾಲ್ ಜಾಯಿಂಟೋ ಕಿಂಗ್‌ಪಿನ್ನೋ?

ಕಿಂಗ್‌ಪಿನ್ ಎಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಸರೆಯಾದ ನೆಟ್ಟನೆಯ ಪಿನ್, ಬಾಲ್ ಜಾಯಿಂಟಿಗಿಂತ ಹಳೆಯ ವ್ಯವಸ್ಥೆ. ಬಿಡಿಭಾಗ ತರಿಸುವ ಮೊದಲೇ ಇದನ್ನು ನೋಡಿಕೊಳ್ಳಿ. ಮಾಡೆಲ್ ಹೆಸರು ಒಂದೇ ಇದ್ದು ವರ್ಷ ಬೇರೆಯಾದರೆ ಒಳಗಿನ ವ್ಯವಸ್ಥೆಯೇ ಬೇರೆ ಇರಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1965ರ ಮಾಡೆಲ್‌ವರೆಗೆ ಕಿಂಗ್‌ಪಿನ್ ಮತ್ತು ಅದನ್ನು ಆರ್ಮ್‌ಗೆ ಸೇರಿಸುವ ಲಿಂಕ್ ಪಿನ್, 1966ರ ಮಾಡೆಲ್‌ನಿಂದ ಬಾಲ್ ಜಾಯಿಂಟ್. ಅಮೆರಿಕದ ಕಾರುಗಳಲ್ಲಿ ಲಿಂಕನ್ 1952ರಲ್ಲೇ ಬಾಲ್ ಜಾಯಿಂಟಿಗೆ ಬಂತು, ಸಾಮಾನ್ಯ ಫೋರ್ಡ್ ಕಾರುಗಳು 1954ರಲ್ಲಿ. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು ಮಾತ್ರ 1980ರಲ್ಲಿ ತಯಾರಿಕೆ ನಿಲ್ಲುವವರೆಗೂ ಕಿಂಗ್‌ಪಿನ್ ಬಿಡಲಿಲ್ಲ. ಟ್ರಯಂಫ್ ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳದು ಅರ್ಧಂಬರ್ಧ: ಮೇಲೆ ಬಾಲ್ ಜಾಯಿಂಟ್, ಕೆಳಗೆ ಥ್ರೆಡ್ (ಸ್ಕ್ರೂನಂಥ ತಿರುಪು) ಇರುವ ಟ್ರನಿಯನ್ ಎಂಬ ಕೀಲು. ಆ ಟ್ರನಿಯನ್ ಕೇಳುವುದು ಗ್ರೀಸ್ ಅಲ್ಲ, ಗೇರ್ ಆಯಿಲ್. ಗ್ರೀಸ್ ಗನ್ ಹಿಡಿದು ಸಿಕ್ಕ ಸಿಕ್ಕ ಕಡೆ ಒತ್ತುವ ಉತ್ಸಾಹ ಅಲ್ಲಿ ಬೇಡ.

ಸವೆದಿದೆ ಎಂದು ಓಡಿಸುವಾಗಲೇ ಗೊತ್ತಾಗುತ್ತದೆಯೇ?

ಸಾಕಷ್ಟು ಸವೆದ ಮೇಲೆ ಗೊತ್ತಾಗುತ್ತದೆ. ಸಣ್ಣ ಗುಂಡಿಗೆ ಇಳಿದಾಗ ಮುಂದಿನಿಂದ 'ಟಕ್' ಎಂದು ಒಂದು ಗಟ್ಟಿ ಸದ್ದು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಒಣಗಿದ ಜಾಯಿಂಟ್ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ನೇರ ರಸ್ತೆಯಲ್ಲಿ ಕಾರು ತನ್ನಿಷ್ಟಕ್ಕೆ ಅತ್ತಿತ್ತ ಸರಿಯುತ್ತದೆ, ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುತ್ತದೆ. ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಆದರೆ ಇವೆಲ್ಲ ಬೇರೆ ಕಾರಣಕ್ಕೂ ಆಗುವಂಥವೇ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟು. ಅದು ಹರಿದು ಸುತ್ತಲೂ ಮಣ್ಣು ಮೆತ್ತಿದ ಗ್ರೀಸ್ ಕಂಡರೆ ಸವೆತ ಶುರುವಾಗಿದೆ ಎಂದೇ ತಿಳಿಯಿರಿ. ಒಳಗೆ ಹೋದ ಮರಳು ಗ್ರೀಸಿನ ಜೊತೆ ಸೇರಿ ಸಾಣೆ ಹಿಡಿಯುವ ಪೇಸ್ಟ್ ಆಗಿಬಿಡುತ್ತದೆ.

ಚಕ್ರ ಎತ್ತಿ ಅಲ್ಲಾಡಿಸಿದೆ, ಏನೂ ಪ್ಲೇ (ಸಡಿಲು ಅಲುಗಾಟ) ಇಲ್ಲ. ಹಾಗಾದರೆ ಜಾಯಿಂಟ್ ಚೆನ್ನಾಗಿದೆ ತಾನೆ?

ಜಾಕ್ ಎಲ್ಲಿ ಕೊಟ್ಟಿದ್ದಿರಿ ಎಂಬುದನ್ನು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ಈ ಇಡೀ ಕೆಲಸದಲ್ಲಿ ಒಂದೇ ಒಂದು ವಿಷಯ ತಲೆಯಲ್ಲಿ ಉಳಿಯುವುದಾದರೆ ಇದು ಉಳಿಯಲಿ: ಕಾರಿನ ಭಾರ ಯಾವ ಆರ್ಮ್ ಮೇಲೆ ಕೂತಿದೆ ಎಂದು ಮೊದಲು ನೋಡಿ. ಸ್ಪ್ರಿಂಗ್ ಯಾವ ಆರ್ಮ್ ಮೇಲಿದೆಯೋ ಆ ಆರ್ಮಿನ ಬಾಲ್ ಜಾಯಿಂಟೇ ಭಾರ ಹೊರುವುದು. ಇನ್ನೊಂದು ಜಾಯಿಂಟ್ ಚಕ್ರ ವಾಲದಂತೆ ಹಿಡಿದುಕೊಳ್ಳುತ್ತದೆ, ಅಷ್ಟೆ. ಸವೆಯುವುದೂ ಸಾಮಾನ್ಯವಾಗಿ ಭಾರ ಹೊರುವುದೇ ಮೊದಲು.

ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲಿದ್ದರೆ (ಬಹುಪಾಲು ಕಾರುಗಳಲ್ಲಿ ಹೀಗೇ), ಚಾಸಿಗೆ ಜಾಕ್ ಕೊಟ್ಟು ಎತ್ತಿದಾಗ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತದೆ. ಆ ಒತ್ತಡದಲ್ಲಿ ಗುಂಡು ಬಟ್ಟಲಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ನೀವು ಎಷ್ಟೇ ಅಲ್ಲಾಡಿಸಿ, ಸ್ಪ್ರಿಂಗಿನ ಶಕ್ತಿಯ ಮುಂದೆ ನಿಮ್ಮ ಕೈ ಯಾವ ಲೆಕ್ಕ? ಪೂರ್ತಿ ಹಾಳಾದ ಜಾಯಿಂಟೂ ಹೊಸದರಂತೆ ನಟಿಸುತ್ತದೆ. ಅದಕ್ಕೇ ಜಾಕ್ ಕೆಳಗಿನ ಆರ್ಮಿನ ಅಡಿಗೆ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಇರಬೇಕು. ಆಗ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ, ಜಾಯಿಂಟ್ ಹಗುರವಾಗುತ್ತದೆ. ಕೆಳಗಿನ ಆರ್ಮ್‌ಗೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಕಾರಿಗೂ ಇದೇ ಲೆಕ್ಕ.

ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ನಿಂತಿರುವ ಕಾರುಗಳೂ ಇವೆ. ಮೊದಲ ತಲೆಮಾರಿನ ಮಸ್ಟಾಂಗ್ ಹಾಗಿದೆ. ಅಲ್ಲಿ ಕಾರು ನೆಲದ ಮೇಲಿರುವಾಗಲೇ ಮೇಲಿನ ಆರ್ಮ್ ಮತ್ತು ಚಾಸಿಯ ನಡುವೆ ಗಟ್ಟಿಯಾದ ತುಂಡೊಂದನ್ನು ಸಿಕ್ಕಿಸಿ, ಆಮೇಲೆ ಚಾಸಿಗೆ ಜಾಕ್ ಕೊಟ್ಟು ಎತ್ತಬೇಕು. ಮ್ಯಾಕ್‌ಫರ್ಸನ್‌ಗೆ ಈ ತಾಪತ್ರಯವಿಲ್ಲ, ಬಾಡಿಯನ್ನು ಎತ್ತಿ ಚಕ್ರ ಜೋತುಬೀಳಲು ಬಿಟ್ಟರಾಯಿತು.

ಆಮೇಲೆ ಟೈರಿನ ಅಡಿಗೆ ಉದ್ದದ ಹಾರೆಕೋಲು ಹಾಕಿ ಮೆಲ್ಲಗೆ ಮೀಟಿ. ಮೀಟುವ ಕೆಲಸ ಇನ್ನೊಬ್ಬರಿಗೆ ಕೊಟ್ಟು ನೀವು ಜಾಯಿಂಟಿನ ಮೇಲೆ ಬೆರಳಿಟ್ಟುಕೊಂಡು ನೋಡಿ, ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತದೆ. ಜೋರಾಗಿ ಮೀಟಿದರೆ ಎಲ್ಲ ಜಾಯಿಂಟೂ ಸವೆದಂತೆಯೇ ಕಾಣುತ್ತದೆ.

ಚಕ್ರದ ಮೇಲೆ ಕೆಳಗೆ ಹಿಡಿದು ಆಡಿಸಿದರೆ ಪ್ಲೇ ಇದೆ. ಅದು ವೀಲ್ ಬೇರಿಂಗ್ ಇರಬಹುದಲ್ಲ?

ಖಂಡಿತ ಇರಬಹುದು. ನಾನು ಇದೇ ತಪ್ಪು ಮಾಡಿ ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ. ಎರಡು ಹೊಸ ಜಾಯಿಂಟ್ ಹಾಕಿ, ಚಕ್ರ ಕೂರಿಸಿ, ಖುಷಿಯಿಂದ ಅಲ್ಲಾಡಿಸಿ ನೋಡಿದರೆ ಅದೇ ಪ್ಲೇ ಅಲ್ಲೇ ಕೂತು ನಗುತ್ತಿತ್ತು. ಬೇರಿಂಗ್ ನಟ್ಟನ್ನು ಸ್ವಲ್ಪ ಸರಿಮಾಡಿದ ಮೇಲೆ ಹೋಯಿತು.

ಪರೀಕ್ಷೆ ಬಹಳ ಸುಲಭ. ನೀವು ಚಕ್ರ ಆಡಿಸುತ್ತಿರುವಾಗ ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ. ಬ್ರೇಕ್ ಹಿಡಿದಾಗ ಚಕ್ರ ಮತ್ತು ನಕಲ್ ಒಂದೇ ತುಂಡಿನಂತಾಗುತ್ತವೆ, ಬೇರಿಂಗಿನ ಪ್ಲೇ ಮಾಯವಾಗುತ್ತದೆ. ಬ್ರೇಕ್ ಒತ್ತಿದರೂ ಅಲುಗಾಟ ಉಳಿದರೆ ಅದು ಬಾಲ್ ಜಾಯಿಂಟಿನದೋ ಆರ್ಮ್ ಬುಷ್‌ಗಳದೋ (ಆರ್ಮ್ ಚಾಸಿಗೆ ಸೇರುವಲ್ಲಿನ ರಬ್ಬರ್ ಕೊಳವೆಗಳು) ಆಗಿರುತ್ತದೆ. ಚಕ್ರವನ್ನು ಎಡ ಬಲ ಹಿಡಿದು ಆಡಿಸಿದಾಗ ಮಾತ್ರ ಪ್ಲೇ ಕಂಡರೆ ಟೈ ರಾಡ್ ಎಂಡ್ (ಸ್ಟಿಯರಿಂಗಿನ ಸರಳು ಚಕ್ರಕ್ಕೆ ಸೇರುವ ಕೀಲು) ನೋಡಿ.

ಎಷ್ಟು ಪ್ಲೇ ಇದ್ದರೆ ಬದಲಾಯಿಸಬೇಕು?

ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ಹೇಳಿದಷ್ಟು. ಎಲ್ಲ ಕಾರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಕೆಲವು ಜಾಯಿಂಟ್‌ಗಳಲ್ಲಿ ಒಳಗೇ ಸ್ಪ್ರಿಂಗ್ ಇರುವುದರಿಂದ ಅಲುಗಾಟವೇ ಇರಬಾರದು. ಇನ್ನು ಕೆಲವಕ್ಕೆ ಹೊಸದಿದ್ದಾಗಲೂ ಒಂದಿಷ್ಟು ಸಡಿಲು ಸಹಜ. 1970ರ ದಶಕದ ಹಲವು ಜನರಲ್ ಮೋಟರ್ಸ್ ಕಾರುಗಳ ಕೆಳಗಿನ ಜಾಯಿಂಟಿನಲ್ಲಿ ಸವೆತ ತೋರಿಸುವ ಗುರುತೇ ಇದೆ: ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಕೂತಿರುವ ಸಣ್ಣ ಕಾಲರ್ ಹೊಸದರಲ್ಲಿ ಸುಮಾರು 1.3 ಮಿ.ಮೀ. ಹೊರಗೆ ಚಾಚಿರುತ್ತದೆ, ಸವೆದಂತೆ ಒಳಕ್ಕೆ ಸರಿಯುತ್ತದೆ. ಉಗುರಿನಿಂದ ಕೆರೆದು ನೋಡಿ. ಅಂಚು ಉಗುರಿಗೆ ತಾಕದಿದ್ದರೆ ಜಾಯಿಂಟ್ ಮುಗಿದಿದೆ. ಇದನ್ನು ಮಾತ್ರ ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ನೋಡಬೇಕು, ಎತ್ತಿ ಅಲ್ಲ.

ಸದ್ಯಕ್ಕೆ ಹಾಗೇ ಓಡಿಸಬಹುದೇ?

ಬೇಡ. ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಮಡಚಿಕೊಂಡು ಕಾರಿನ ಅಡಿಗೆ ಹೋಗುತ್ತದೆ. ಆಗ ಸ್ಟಿಯರಿಂಗ್ ನಿಮ್ಮ ಕೈಯಲ್ಲಿರುವುದಿಲ್ಲ.

ಯಾವ ಉಪಕರಣಗಳು ಬೇಕು?

ಒಳ್ಳೆಯ ಟ್ರಾಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಬಾಲ್ ಜಾಯಿಂಟ್ ಪುಲ್ಲರ್, ಎರಡು ಭಾರದ ಸುತ್ತಿಗೆ, ಟಾರ್ಕ್ ರೆಂಚ್ (ಎಷ್ಟು ಬಿಗಿ, ಅಂದರೆ ಟಾರ್ಕ್, ಎಂದು ಅಳೆಯುವ ಸ್ಪ್ಯಾನರ್), ಗ್ರೀಸ್ ಗನ್, ವೈರ್ ಬ್ರಷ್, ನಟ್ ತಿರುಗದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್‌ಗಳು. ಒತ್ತಿ ಕೂರಿಸುವ ಬಗೆಯ ಜಾಯಿಂಟ್ ಆಗಿದ್ದರೆ ದೊಡ್ಡ ಸಿ-ಕ್ಲ್ಯಾಂಪ್ ತರಹದ ಪ್ರೆಸ್ ಬೇಕಾಗುತ್ತದೆ. ಇದನ್ನು ಕೊಳ್ಳುವ ಬದಲು ಎರವಲು ತರುವುದೇ ಜಾಣತನ, ಜೀವಮಾನದಲ್ಲಿ ಎರಡು ಸಲ ಬಳಸಿದರೆ ಹೆಚ್ಚು. ಕೆಲಸಕ್ಕೆ ಹಿಂದಿನ ರಾತ್ರಿಯೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಬಿಚ್ಚುವಾಗ ಅಪಾಯ ಎಲ್ಲಿದೆ?

ಸ್ಪ್ರಿಂಗಿನಲ್ಲಿ. ಮತ್ತೆ ಅದೇ ಪ್ರಶ್ನೆ, ಭಾರ ಎಲ್ಲಿ ಕೂತಿದೆ? ಒತ್ತಿಕೊಂಡಿರುವ ಕಾಯಿಲ್ ಸ್ಪ್ರಿಂಗನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರುವುದು ನೀವು ಈಗ ಬಿಚ್ಚಲು ಹೊರಟಿರುವ ಜಾಯಿಂಟೇ. ಅದು ಬಿಟ್ಟ ಕ್ಷಣ ಆರ್ಮ್ ಕೆಳಕ್ಕೆ ಅಪ್ಪಳಿಸುತ್ತದೆ, ಸ್ಪ್ರಿಂಗ್ ಸಿಡಿದು ಹೊರಬರುತ್ತದೆ. ಅದರ ದಾರಿಯಲ್ಲಿ ಕೈಯೋ ಮುಖವೋ ಇದ್ದರೆ ಮುಗಿಯಿತು.

ಆದ್ದರಿಂದ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲಿರುವ ಕಾರಿನಲ್ಲಿ ಚಾಸಿಯ ಭಾರವನ್ನು ಸ್ಟ್ಯಾಂಡ್‌ಗಳಿಗೆ ಕೊಡಿ, ಟ್ರಾಲಿ ಜಾಕನ್ನು ಕೆಳಗಿನ ಆರ್ಮಿಗೆ ಆನಿಸಿ ಸ್ಪ್ರಿಂಗಿನ ಒತ್ತಡವನ್ನು ಅದು ತೆಗೆದುಕೊಳ್ಳಲಿ. ಮೇಲಿನ ಜಾಯಿಂಟ್ ಮಾತ್ರ ಬದಲಾಯಿಸುವುದಿದ್ದರೆ ಕೆಲಸ ಮುಗಿಯುವವರೆಗೂ ಆ ಜಾಕ್ ಕದಲಬಾರದು. ಕೆಳಗಿನದಾದರೆ ಜಾಯಿಂಟ್ ಬಿಟ್ಟ ಮೇಲೆ ಜಾಕನ್ನು ಬೆರಳಗಲ ಬೆರಳಗಲ ಇಳಿಸಬೇಕು. ಸ್ಪ್ರಿಂಗಿಗೆ ಒಂದು ಸರಪಳಿ ಸುತ್ತಿ ಚಾಸಿಗೆ ಕಟ್ಟಿರಿ. ಹತ್ತು ಸಲ ಅದು ಬೇಕಾಗದಿದ್ದರೂ ಹನ್ನೊಂದನೆಯ ಸಲಕ್ಕೆ ಇರಲಿ. ಟಾರ್ಷನ್ ಬಾರ್ ಇದ್ದರೆ ಮೊದಲು ಹೊಂದಾಣಿಕೆಯ ಬೋಲ್ಟ್ ಸಡಿಲಿಸಿ, ಎಷ್ಟು ಸುತ್ತು ಬಿಚ್ಚಿದಿರಿ ಎಂದು ಬರೆದಿಡಿ. ಸ್ಪ್ರಿಂಗ್ ಮೇಲಿನ ಆರ್ಮಿನದಾದರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈಹಾಕಬೇಡಿ. ಬ್ರೇಕ್ ಕ್ಯಾಲಿಪರನ್ನು ಹೋಸ್ ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟಿ.

ನಟ್ ಬಿಚ್ಚಿದೆ, ಪಿನ್ ಮಾತ್ರ ಹೊರಗೆ ಬರುತ್ತಿಲ್ಲ. ಏನು ಮಾಡಲಿ?

ಮೊದಲು ನಟ್ಟನ್ನು ನಾಲ್ಕೈದು ಸುತ್ತು ವಾಪಸು ಹಾಕಿ. ಪೂರ್ತಿ ತೆಗೆದು ಹೊಡೆಯುವುದು ಸಾಹಸ, ಆದರೆ ಒಳ್ಳೆಯ ಸಾಹಸವಲ್ಲ. ಪಿನ್ ಸಿಡಿದರೂ ನಟ್ ಅದನ್ನು ಹಿಡಿದುಕೊಳ್ಳುತ್ತದೆ.

ಪಿನ್ ಕೂತಿರುವುದು ಟೇಪರ್ ರಂಧ್ರದಲ್ಲಿ, ಅಂದರೆ ಒಂದು ಕಡೆಗೆ ಕಿರಿದಾಗುತ್ತಾ ಹೋಗುವ ರಂಧ್ರದಲ್ಲಿ, ಬಾಟಲಿಗೆ ಬಿರಡೆ ಒತ್ತಿದ ಹಾಗೆ. ಪಿನ್ನಿನ ತುದಿಗೆ ಹೊಡೆದರೆ ಥ್ರೆಡ್ ಅಣಬೆಯಂತೆ ಅರಳುತ್ತದೆಯೇ ಹೊರತು ಪಿನ್ ಅಲುಗುವುದಿಲ್ಲ. ಹೊಡೆಯಬೇಕಾದದ್ದು ಪಿನ್ನನ್ನು ಸುತ್ತುವರಿದ ನಕಲ್‌ನ ಕಣ್ಣಿಗೆ, ಅದೂ ಪಕ್ಕದಿಂದ. ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು ಎದುರು ಬದಿಗೆ ಇನ್ನೊಂದರಿಂದ ಗಟ್ಟಿಯಾಗಿ ಕೊಡಿ. ಏಟು ಬಿದ್ದ ಕ್ಷಣ ಆ ಕಣ್ಣು ಕೂದಲೆಳೆಯಷ್ಟು ಅಂಡಾಕಾರವಾಗುತ್ತದೆ, ಟೇಪರಿನ ಹಿಡಿತ ತಪ್ಪುತ್ತದೆ. ಇಪ್ಪತ್ತು ಅಂಜಿಕೆಯ ಏಟಿಗಿಂತ ಎರಡು ಖಚಿತ ಏಟು ವಾಸಿ. ಪುಲ್ಲರ್ ಹಾಕಿ ಬಿಗಿದು, ಬಿಗಿಯಿರುವಾಗಲೇ ಪಕ್ಕದಿಂದ ಹೊಡೆದರೆ ಇನ್ನೂ ಬೇಗ ಬಿಡುತ್ತದೆ. 'ಢಣ್' ಎಂಬ ಆ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ನಕಲ್ ಅಲ್ಯುಮಿನಿಯಂದಾದರೆ ಸುತ್ತಿಗೆ ಬೇಡ, ಪುಲ್ಲರ್ ಒಂದೇ ದಾರಿ.

ಕವಲಿರುವ ಫೋರ್ಕ್ ಬಡಿಯುವ ವಿಧಾನವೂ ಇದೆ. ಅದು ರಬ್ಬರ್ ಬೂಟನ್ನು ಹರಿದೇ ಹಾಕುತ್ತದೆ. ಎಸೆಯುವ ಜಾಯಿಂಟಿಗೆ ಪರವಾಗಿಲ್ಲ, ಉಳಿಸಿಕೊಳ್ಳುವ ಟೈ ರಾಡ್ ಎಂಡಿಗೆ ಬೇಡವೇ ಬೇಡ.

ಹಳೆಯ ಜಾಯಿಂಟ್ ಆರ್ಮಿಗೆ ಹೇಗೆ ಕೂತಿರುತ್ತದೆ?

ಬೋಲ್ಟ್ ಹಾಕಿದ್ದು ಸುಲಭ, ಬಿಚ್ಚಿ ಹಾಕಿದರಾಯಿತು.

ಕಾರ್ಖಾನೆಯಲ್ಲಿ ರಿವೆಟ್ ಹೊಡೆದಿದ್ದರೆ ರಿವೆಟ್ಟಿನ ನಡುವಿಗೆ ಪಂಚ್ ಗುರುತು ಮಾಡಿ, 3 ಮಿ.ಮೀ. ಡ್ರಿಲ್‌ನಿಂದ ದಾರಿ ತೋರಿಸಿ, ಆಮೇಲೆ 12 ಮಿ.ಮೀ. ಡ್ರಿಲ್‌ನಿಂದ ತಲೆ ಹಾರಿಸಿ, ಉಳಿದದ್ದನ್ನು ಪಂಚ್‌ನಿಂದ ತಳ್ಳಿ. ಆರ್ಮಿನ ರಂಧ್ರ ದೊಡ್ಡದಾಗದಂತೆ ನೋಡಿಕೊಳ್ಳುವುದೇ ಇಲ್ಲಿನ ಕಸುಬು. ಗ್ಯಾಸ್ ಕಟರ್ ಹಿಡಿಯುವವರನ್ನು ಹತ್ತಿರ ಸೇರಿಸಬೇಡಿ. ಹೊಸ ಜಾಯಿಂಟಿನ ಜೊತೆ ಬರುವ ಬೋಲ್ಟ್‌ಗಳನ್ನೇ ಬಳಸಿ, ಅವು ಹೆಚ್ಚು ಗಟ್ಟಿಯಾದ ಉಕ್ಕಿನವು. ಡಬ್ಬಿಯಲ್ಲಿ ಬಿದ್ದಿದ್ದ ಯಾವುದೋ ಬೋಲ್ಟ್ ಹೊಂದಿತು ಎಂದು ಹಾಕುವ ಜಾಗ ಇದಲ್ಲ. ಪ್ರದರ್ಶನದ ಕಾರಿಗೆ ರಿವೆಟ್ಟೇ ಕಾಣಬೇಕು ಎನ್ನುವವರಿದ್ದಾರೆ, ಓಡಿಸುವ ಕಾರಿಗೆ ಬೋಲ್ಟೇ ಸರಿ ಎನ್ನುವವನು ನಾನು.

ಒತ್ತಿ ಕೂರಿಸಿದ್ದರೆ ಮೊದಲು ಸುತ್ತಲೂ ಉಜ್ಜಿ ನೋಡಿ, ಸರ್ಕ್ಲಿಪ್ಪೋ (ಹಿಡಿದಿಡುವ ಸ್ಪ್ರಿಂಗ್ ಉಂಗುರ) ವೆಲ್ಡಿಂಗ್ ಚುಕ್ಕೆಯೋ ಕೊಳೆಯಡಿ ಅಡಗಿರಬಹುದು. ಪ್ರೆಸ್‌ನಿಂದ ಹೊರಗೆ ತಳ್ಳಿದ ಮೇಲೆ ರಂಧ್ರವನ್ನು ಶುಚಿ ಮಾಡಿ. ಹೊಸದನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಹೋಗುತ್ತದೆ. ಒತ್ತಡ ಹೊರಗಿನ ಅಂಚಿನ ಮೇಲೆ ಮಾತ್ರ ಬೀಳಲಿ. ಮುಚ್ಚಳದ ಮೇಲೆ ಬಿದ್ದರೆ ಹೊಸ ಜಾಯಿಂಟ್ ಹುಟ್ಟುವಾಗಲೇ ಸತ್ತಂತೆ. ಕೈಯಲ್ಲಿ ಒತ್ತಿದರೇ ಒಳಗೆ ಹೋಯಿತು ಎಂದರೆ ಸಂತೋಷಪಡಬೇಡಿ, ಆರ್ಮಿನ ರಂಧ್ರ ಸವೆದಿದೆ, ಆರ್ಮೇ ಬೇರೆ ಬೇಕು.

ನಾಲ್ಕನೆಯದು ಥ್ರೆಡ್ ಹಾಕಿ ತಿರುಗಿಸುವ ಬಗೆ. 1960-70ರ ದಶಕದ ಕ್ರೈಸ್ಲರ್ ಕಾರುಗಳ ಮೇಲಿನ ಜಾಯಿಂಟ್ ಹೀಗಿದೆ, ಅದಕ್ಕೆಂದೇ ದೊಡ್ಡ ಸಾಕೆಟ್ ಬೇಕು. ಬಿಗಿಯುವಾಗ ಮ್ಯಾನುಯಲ್ ಹೇಳಿದಷ್ಟು ಟಾರ್ಕ್ ಹಿಡಿಯಲೇಬೇಕು. ಹಿಡಿಯದಿದ್ದರೆ ಅಲ್ಲೂ ಆರ್ಮ್ ಬದಲಾವಣೆಯೇ ಗತಿ.

ಹಳೆಯ ಮಿನಿಯ ಕಥೆ ಬೇರೆ ಎನ್ನುತ್ತಾರಲ್ಲ?

ನಿಜ. 1959ರಲ್ಲಿ ಬಂದ ಮಿನಿಯಲ್ಲಿ ಜಾಯಿಂಟ್ ಇಡಿಯಾಗಿ ಬರುವುದಿಲ್ಲ, ಬಿಡಿಬಿಡಿಯಾಗಿ ಬರುತ್ತದೆ: ಪಿನ್, ಬಟ್ಟಲು, ಗುಮ್ಮಟದಂಥ ನಟ್, ಲಾಕ್ ಟ್ಯಾಬ್, ಅಂತರ ಹೊಂದಿಸುವ ಕಾಗದದಷ್ಟು ತೆಳು ಬಿಲ್ಲೆಗಳಾದ ಶಿಮ್‌ಗಳು. ಕೆಳಗಿನದಕ್ಕೆ ಒಂದು ಪುಟ್ಟ ಸ್ಪ್ರಿಂಗ್ ಕೂಡ. ಗುಮ್ಮಟ ನಟ್ಟಿಗೆ ಒಂದೂವರೆ ಇಂಚಿನ ಸಾಕೆಟ್. ಶಿಮ್ ಹೆಚ್ಚಾದರೆ ಸಡಿಲ, ಕಡಿಮೆಯಾದರೆ ಪಿನ್ ಜಗ್ಗುವುದಿಲ್ಲ, ಸ್ಟಿಯರಿಂಗ್ ಜಡವಾಗುತ್ತದೆ. ಹಾಕಿ, ಪೂರ್ತಿ ಬಿಗಿದು, ಪಿನ್ ಆಡಿಸಿ ನೋಡಿ, ಬಿಚ್ಚಿ, ಒಂದು ಶಿಮ್ ತೆಗೆದು ಮತ್ತೆ ಬಿಗಿದು... ನಾಲ್ಕೈದು ಸಲ ಹೀಗೆ ಆಗುವುದು ಮಾಮೂಲು. ಪಿನ್ ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗಬೇಕು, ಆದರೆ ಕೈಗೆ ಸಣ್ಣದೊಂದು ತಡೆ ಸಿಗಬೇಕು. ಮಿನಿಯ ಕೆಲಸ ಹಬ್ ಬಿಚ್ಚಿ ಬೆಂಚ್ ಮೇಲಿಟ್ಟುಕೊಂಡೇ ಮಾಡಿ. ಕಾರಿನಡಿ ಮಲಗಿ ಶಿಮ್ ಎಣಿಸುವುದು ಯಾರಿಗೂ ಬೇಡ.

ಟೇಪರಿಗೆ ಗ್ರೀಸ್ ಹಚ್ಚಿ ಹಾಕಲೇ?

ಹಚ್ಚಬೇಡಿ. ಟೇಪರ್ ಒಣಗಿರಬೇಕು, ಶುಚಿಯಾಗಿರಬೇಕು. ಅಲ್ಲಿ ಹಿಡಿತ ಬರುವುದೇ ಲೋಹಕ್ಕೆ ಲೋಹ ಕಚ್ಚಿಕೊಂಡು.

ನಟ್ ಬಿಗಿಯುವಾಗ ಪಿನ್ನೂ ಜೊತೆಗೇ ತಿರುಗುತ್ತಿದೆ.

ಟೇಪರ್ ಇನ್ನೂ ಕಚ್ಚಿಲ್ಲ. ಕೆಳಗಿನ ಆರ್ಮನ್ನು ಜಾಕ್‌ನಿಂದ ಸ್ವಲ್ಪ ಎತ್ತಿ ಪಿನ್ ರಂಧ್ರಕ್ಕೆ ಒತ್ತುವಂತೆ ಮಾಡಿ ಅಥವಾ ಸಿ-ಕ್ಲ್ಯಾಂಪ್ ಹಾಕಿ. ಒಮ್ಮೆ ಕಚ್ಚಿದರೆ ಆಮೇಲೆ ತಿರುಗುವುದಿಲ್ಲ. ಆಗಲೂ ತಿರುಗಿದರೆ ಬಲವಂತ ಮಾಡದೆ ನಕಲ್‌ನ ರಂಧ್ರ ನೋಡಿ. ಸಡಿಲ ನಟ್ಟಿನಲ್ಲೇ ಬಹಳ ದಿನ ಓಡಿದ ಕಾರಿನಲ್ಲಿ ಆ ರಂಧ್ರವೇ ಉರುಟು ಕಳೆದುಕೊಂಡಿರುತ್ತದೆ.

ಮ್ಯಾನುಯಲ್ ಹೇಳಿದ ಟಾರ್ಕ್ ಬಂದ ಮೇಲೂ ಸ್ಪ್ಲಿಟ್ ಪಿನ್ನಿನ ರಂಧ್ರ ಕ್ಯಾಸಲ್ ನಟ್ಟಿನ (ತಲೆಯಲ್ಲಿ ಸೀಳುಗಳಿರುವ ನಟ್) ಸೀಳಿಗೆ ಸೇರದಿದ್ದರೆ ನಟ್ಟನ್ನು ಮುಂದಕ್ಕೇ ಬಿಗಿದು ಸೇರಿಸಿ. ಹಿಂದಕ್ಕೆ ಸಡಿಲಿಸಿ ಸೇರಿಸುವಂತಿಲ್ಲ. ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ. ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಆಗಿದ್ದರೂ ಪ್ರತಿ ಸಲ ಹೊಸದೇ.

ಹೊಸ ಜಾಯಿಂಟಿಗೆ ಗ್ರೀಸ್ ತುಂಬಬೇಕೇ?

ನಿಪ್ಪಲ್ ಇದ್ದರೆ ತುಂಬಿ, ಕೆಲವು ಡಬ್ಬಿಯಿಂದ ಒಣಗಿದ್ದೇ ಬರುತ್ತವೆ. ಗನ್ನನ್ನು ನಿಧಾನಕ್ಕೆ ಒತ್ತಿ, ಬೂಟು ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಿ. ಬೂಟು ಬಲೂನಿನಂತಾಗುವವರೆಗೆ ಒತ್ತಿದರೆ ಅದರ ಅಂಚು ಕಿತ್ತು ಬರುತ್ತದೆ, ಮಾಡಿದ್ದೆಲ್ಲ ನೀರಿಗೆ ಹೋದಂತೆ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಹೊಂದದೆ ನೀರಾಗಿ ಸೋರುತ್ತವೆ.

ಹಳೆಯ ಜಾಯಿಂಟ್ ಗ್ರೀಸ್ ತೆಗೆದುಕೊಳ್ಳುತ್ತಿಲ್ಲ ಎಂದರೆ ನಿಪ್ಪಲ್ ಬಿಚ್ಚಿ ನೋಡಿ. ನಾನು ಬಿಚ್ಚಿದ ಒಂದರಲ್ಲಿ ಹಳೆಯ ಗ್ರೀಸ್ ಮೇಣದ ಬತ್ತಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ತಂತಿಯಿಂದ ಚುಚ್ಚಿ ತೆಗೆಯಬೇಕಾಯಿತು. ಅಷ್ಟು ವರ್ಷ ಗನ್ ಒತ್ತಿದವರೆಲ್ಲ ನಿಪ್ಪಲ್ಲಿನ ಹೊರಗೆ ಸೋರಿದ್ದನ್ನು ಒರೆಸಿ ಮುಂದೆ ಹೋಗಿದ್ದರು.

ಒಂದೇ ಸವೆದಿದ್ದರೆ ನಾಲ್ಕನ್ನೂ ಬದಲಾಯಿಸಬೇಕೇ?

ಎಡದ ಕೆಳಗಿನದು ಹೋಗಿದ್ದರೆ ಬಲದ ಕೆಳಗಿನದೂ ಅಷ್ಟೇ ದೂರ ಓಡಿದೆ, ಅವೆರಡನ್ನು ಜೋಡಿಯಾಗಿ ಬದಲಾಯಿಸಿ. ಮೇಲಿನವು ಪರೀಕ್ಷೆಯಲ್ಲಿ ಪಾಸಾದರೆ, ಬೂಟು ಸರಿಯಿದ್ದರೆ ಹಾಗೇ ಬಿಡಬಹುದು. ಆರ್ಮ್ ಹೇಗಿದ್ದರೂ ಹೊರಗೆ ಬಂದಿದ್ದರೆ ಮಾತ್ರ ಬುಷ್‌ಗಳನ್ನೂ ಅದೇ ಹೊತ್ತಿಗೆ ಮುಗಿಸಿಬಿಡಿ.

ದಶಕಗಳ ಹಿಂದಿನ ಹಳೆ ಸ್ಟಾಕ್ ಸಿಕ್ಕಿದೆ. ಹೊಸದಾಗಿ ತಯಾರಾದದ್ದಕ್ಕಿಂತ ಅದು ಒಳ್ಳೆಯದೇ?

ಉಕ್ಕು ಒಳ್ಳೆಯದಿರಬಹುದು, ರಬ್ಬರಿಗೆ ಮಾತ್ರ ವಯಸ್ಸಾಗಿರುತ್ತದೆ. ಬೂಟನ್ನು ಹೆಬ್ಬೆರಳಿನಿಂದ ಒತ್ತಿ ಮಡಚಿ ನೋಡಿ. ಸಣ್ಣ ಬಿರುಕು ಬಿಟ್ಟರೆ ಬೂಟು ಬೇರೆ ಹಾಕಿ, ಒಳಗಿನ ಗ್ರೀಸೂ ಹೊಸದಾಗಲಿ. ಹೊಸ ತಯಾರಿಕೆಯದಾದರೆ ಹಾಕುವ ಮೊದಲು ಪಿನ್ನಿನ ಟೇಪರನ್ನು ನಕಲ್‌ನಲ್ಲಿಟ್ಟು ನೋಡಿ. ಹಳೆಯದು ಎಷ್ಟು ಎತ್ತರಕ್ಕೆ ಕೂತಿತ್ತೋ ಇದೂ ಅಷ್ಟೇ ಎತ್ತರಕ್ಕೆ ಕೂರಬೇಕು.

ವೀಲ್ ಅಲೈನ್ಮೆಂಟ್ ಮಾಡಿಸಲೇಬೇಕೇ?

ಮಾಡಿಸಬೇಕು. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ), ಟೋ (ಎರಡು ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಮೂರೂ ಬದಲಾಗಿರುತ್ತವೆ. ಆರ್ಮ್ ಬಿಚ್ಚುವಾಗ ಶಿಮ್‌ಗಳಿದ್ದರೆ ಯಾವ ಬೋಲ್ಟಿನಡಿ ಎಷ್ಟಿತ್ತು ಎಂದು ತಂತಿಗೆ ಪೋಣಿಸಿ ಚೀಟಿ ಕಟ್ಟಿಡಿ. ಬಾಲ್ ಜಾಯಿಂಟಿನ ಬೀಟಲ್‌ನಲ್ಲಿ ಮೇಲಿನ ಪಿನ್ನಿಗೆ ಕ್ಯಾಂಬರ್ ಹೊಂದಿಸುವ ಎಕ್ಸೆಂಟ್ರಿಕ್ ಬುಷ್ (ರಂಧ್ರ ನಡುವಿನಿಂದ ಪಕ್ಕಕ್ಕೆ ಸರಿದಿರುವ ಬುಷ್) ಇರುತ್ತದೆ, ಅದು ಹೇಗೆ ತಿರುಗಿ ಕೂತಿತ್ತೋ ಬಣ್ಣದ ಗುರುತು ಹಾಕಿಕೊಳ್ಳಿ. ಆರ್ಮಿನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿದ್ದರೆ ಕಾರನ್ನು ನೆಲಕ್ಕಿಳಿಸಿ, ಭಾರ ಚಕ್ರಗಳ ಮೇಲೆ ಬಂದ ಮೇಲೇ ಕೊನೆಯ ಬಿಗಿ ಕೊಡಿ. ಚಕ್ರ ಜೋತಾಡುವಾಗಲೇ ಬಿಗಿದರೆ ಇಳಿಸಿದ ಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ, ಕಾರಿನ ಮುಂಭಾಗವೂ ಎತ್ತರಕ್ಕೇ ನಿಲ್ಲುತ್ತದೆ.

ಎಲ್ಲ ಮುಗಿಯಿತು. 'ಟಕ್' ಸದ್ದು ಇನ್ನೂ ಇದೆ!

ಹಾಗಾದರೆ ಸದ್ದು ಬೇರೆಯವರದು. ಸ್ಟೆಬಿಲೈಸರ್ ಬಾರಿನ ಲಿಂಕ್, ಶಾಕ್ ಅಬ್ಸಾರ್ಬರ್‌ನ ಮೇಲಿನ ರಬ್ಬರ್, ಸ್ಟಿಯರಿಂಗ್ ಬಾಕ್ಸಿನ ಬೋಲ್ಟ್‌ಗಳು, ಸಡಿಲ ಬ್ರೇಕ್ ಪ್ಯಾಡ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಕಾರು ನೆಲದ ಮೇಲಿರಲಿ, ಒಬ್ಬರು ಮುಂದಿನ ಬಂಪರ್ ಒತ್ತಿ ಒತ್ತಿ ಕುಣಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಒಂದೊಂದಕ್ಕೂ ಕೈಯಿಟ್ಟು ನೋಡಲಿ. ಹಾಗೆ ನೋಡುವಾಗಲೇ ಹೊಸ ಜಾಯಿಂಟಿನ ಬೋಲ್ಟ್‌ಗಳ ಮೇಲೂ ಒಮ್ಮೆ ಟಾರ್ಕ್ ರೆಂಚ್ ಇಡಿ. ಮೊದಲ ಒಂದೆರಡು ದಿನದ ಓಡಾಟದಲ್ಲಿ ಬಣ್ಣ, ತುಕ್ಕಿನ ಪದರವೆಲ್ಲ ಒತ್ತಿಕೊಂಡು ಅವು ಕಾಲು ಸುತ್ತಿನಷ್ಟು ಸಡಿಲಾಗುವುದುಂಟು.